ಮೋನಪ್ಪಣ್ಣನ ಯಂತ್ರ ನಡುಗಿದ ಹನ್ನೊಂದು ದಿನ

ನಮ್ಮೂರ ಹೈಸ್ಕೂಲಿನ ಹತ್ತನೆಯ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತು ಪೂರ್ತಿ ಪಾಠ ಕೇಳಿದವರು ಇದುವರೆಗೆ ಯಾರೂ ಇಲ್ಲ. ಆ ಬೆಂಚು ಮಾಡಿದ ದ್ಯಾಮಣ್ಣ ಉಂಡ ಮೇಲೆ ಎರಡು ತಾಸು ಮಲಗುವ ಆಸಾಮಿ. ಆತ ಸತ್ತು ಹತ್ತು ವರ್ಷವಾದರೂ ಬೆಂಚು ಆ ಅಭ್ಯಾಸ ಬಿಟ್ಟಿಲ್ಲ. ಪಂಚಾಯ್ತಿ ಕಚೇರಿಯ ಮೇಜು ಮಾಡಿದವನು ಎಲ್ಲದಕ್ಕೂ ನಾಳೆ ನೋಡೋಣ ಅನ್ನುತ್ತಿದ್ದವನು, ಅದರ ಮೇಲೆ ಇಟ್ಟ ಅರ್ಜಿ ಇವತ್ತಿಗೂ ಮೇಲೇಳುವುದಿಲ್ಲ. ಕ್ಷೌರದಂಗಡಿಯ ಕುರ್ಚಿಯ ಕಥೆ ಕೇಳಲೇಬೇಡಿ. ಅದರಲ್ಲಿ ಕೂತವರು ಅರ್ಧ ಗಡ್ಡ ಬೋಳಿಸುವಷ್ಟರಲ್ಲಿ ಮನೆಯ ಗುಟ್ಟನ್ನೆಲ್ಲ ಹೊರಗೆ ಹಾಕಿರುತ್ತಾರೆ. ಪರ ಊರಿನಿಂದ ಬಂದವರು ಇದು ಹೇಗೆ, ಯಾಕೆ ಎಂದು ತಲೆ ತಿನ್ನುತ್ತಾರೆ. ನಮಗೆ ಆ ಚಟವಿಲ್ಲ. ಒಂದು ವಸ್ತು ಕೆಟ್ಟು ಕೂತರೆ ನಾವು ಕೇಳುವ ಪ್ರಶ್ನೆ ಒಂದೇ, ಇದನ್ನು ಮಾಡಿದವರು ಯಾರು ಅಂತ.

ನಾನು ಕಾಶವ್ವ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನನ್ನದು. ಸುಟ್ಟ ಪಂಪಿನ ಮೋಟಾರು ಬಿಚ್ಚಿ, ತಾಮ್ರದ ತಂತಿ ಹೊಸದಾಗಿ ಸುತ್ತಿ ಕೊಡುವ ಕೆಲಸ. ಅಪ್ಪನಿಂದ ಕಲಿತದ್ದು, ಮೂವತ್ತೈದು ವರ್ಷವಾಯಿತು. ನಾನು ಸುತ್ತಿದ ಪಂಪು ದಿನವಿಡೀ ಗೊಣಗುತ್ತದೆ, ಆದರೆ ಕೈಕೊಡುವುದಿಲ್ಲ. ಅದು ಕಾಶವ್ವನದೇ ಗುಣ ಎಂದು ಊರು ನಗುತ್ತದೆ. ನಗಲಿ ಬಿಡಿ. ತನ್ನ ತಪ್ಪು ಒಪ್ಪಿಕೊಳ್ಳುವ ಜಾಯಮಾನ ಆಕೆಯದಲ್ಲ ಎಂದೂ ಊರು ಹೇಳುತ್ತದೆ. ಅದರ ಬಗ್ಗೆ ನಾನು ಈಗ ಏನೂ ಹೇಳುವುದಿಲ್ಲ, ಪೂರ್ತಿ ಕೇಳಿದ ಮೇಲೆ ನೀವೇ ಹೇಳಿ.

ನನ್ನ ಅಂಗಡಿಗೂ ಮೋನಪ್ಪಣ್ಣನ ಮನೆಗೂ ನಡುವೆ ಒಂದೇ ಗೋಡೆ. ಬಡಿಗೇರ ಮೋನಪ್ಪ ಎಂದರೆ ಊರಿನ ಕೈಮಗ್ಗಗಳಿಗೆಲ್ಲ ಲಾಳಿ ಮಾಡಿಕೊಡುವವನು. ಲಾಳಿ ಎಂದರೆ ಅಂಗೈಗಿಂತ ಸ್ವಲ್ಪ ಉದ್ದದ, ದೋಣಿಯಾಕಾರದ ಕಟ್ಟಿಗೆ. ಹೊಟ್ಟೆಯಲ್ಲಿ ನೂಲಿನ ಉರುಳೆ ಇಟ್ಟುಕೊಂಡು ಸೀರೆಯ ಈ ಅಂಚಿನಿಂದ ಆ ಅಂಚಿಗೆ ಓಡುತ್ತ ಹೊಕ್ಕು ಹಾಕುವುದು ಅದೇ. ಮೋನಪ್ಪಣ್ಣ ಒಂದು ಮಾತು ಆಡಿ ಒಂದು ಉಸಿರು ತಡೆದು ಮುಂದಿನ ಮಾತಿಗೆ ಹೋಗುವ ಮನುಷ್ಯ. ಆತ ಮಾಡಿದ ಲಾಳಿಯೂ ಹಾಗೆಯೇ, ಅಂಚು ಮುಟ್ಟಿದ ಮೇಲೆ ಒಂದು ಉಸಿರು ನಿಂತು ತಿರುಗುತ್ತಿತ್ತು. ನಮ್ಮೂರ ಸೀರೆಯ ಅಂಚು ಎಲ್ಲೂ ಜಗ್ಗದೆ ನೆಟ್ಟಗೆ ಬರುತ್ತಿದ್ದುದು ಆ ಒಂದು ಉಸಿರಿನಿಂದ. ಇನ್ನೊಂದು ಅಭ್ಯಾಸವಿತ್ತು ಆತನಿಗೆ. ಯಾವ ಕಟ್ಟಿಗೆಯನ್ನೇ ಕೈಗೆತ್ತಿಕೊಳ್ಳಲಿ, ಉಳಿ ಇಡುವ ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಎಂದು ಬಡಿಯುತ್ತಿದ್ದ. ಬಾಗಿಲು ತಟ್ಟದೆ ಯಾರ ಮನೆಯೊಳಗೂ ಹೋಗಬಾರದಲ್ಲ, ಹಾಗೆ.

ಆತನ ಹೆಂಡತಿ ನೀಲವ್ವ. ನನಗೆ ವೈನಿ, ಅಂದರೆ ಅತ್ತಿಗೆ. ಒಳಗಿನ ಕೋಣೆಯಲ್ಲಿ ಆಕೆಯ ಮಗ್ಗ. ಮದುವೆಯಾಗಿ ಬಂದಂದಿನಿಂದ, ಅಂದರೆ ನಲವತ್ತೊಂದು ವರ್ಷದಿಂದ, ಗಂಡನ ಲಾಳಿ ಬಿಟ್ಟು ಬೇರೆ ಲಾಳಿ ಹಿಡಿದವಳಲ್ಲ. ಇವರಿಬ್ಬರೂ ಕೂತು ಮಾತಾಡಿದ್ದನ್ನು ನಾನು ಹೆಚ್ಚು ನೋಡಿಲ್ಲ. ಆತ ಹೊರಗೆ ಉಳಿ ಹಿಡಿದು ಕೂತಿರುತ್ತಿದ್ದ, ಆಕೆ ಒಳಗೆ ಮಗ್ಗದ ಹಗ್ಗ ಎಳೆಯುತ್ತಿದ್ದಳು. ಲಾಳಿ ಅಂಚಿನಲ್ಲಿ ಒಂದು ಉಸಿರು ನಿಂತಾಗಲೆಲ್ಲ ಆಕೆಯೂ ನಿಲ್ಲುತ್ತಿದ್ದಳು. ಅವರ ಸಂಸಾರ ಅಲ್ಲಿ ನಡೆಯುತ್ತಿತ್ತು ಎಂದು ನನಗೆ ಯಾವಾಗಲೂ ಅನ್ನಿಸಿದ್ದಿದೆ.

ಎರಡು ವರ್ಷದ ಹಿಂದೆ ಮೋನಪ್ಪಣ್ಣನ ಬಲಗೈ ನಡುಗಲು ಶುರುವಾಯಿತು. ಮೊದಲು ಗೊತ್ತಾದದ್ದು ಚಹಾದ ಕಪ್ಪಿನ ಕೆಳಗಿಡುವ ಬಸಿಯಲ್ಲಿ. ಕಪ್ಪೂ ಬಸಿಯೂ ಒಂದಕ್ಕೊಂದು ಬಡಿದು ಗಿಲಗಿಲ ಅನ್ನುತ್ತಿತ್ತು, ಚಹಾ ಧೋತರದ ಮೇಲೆ ಚೆಲ್ಲುತ್ತಿತ್ತು. ಒಂದು ದಿನ ನನ್ನ ಅಂಗಡಿಯಲ್ಲಿ ಚಹಾ ಕೊಟ್ಟಾಗ ಅರ್ಧ ಸಾಕು ತಂಗಿ ಅಂದ. ಅಂದಿನಿಂದ ಎಲ್ಲರ ಮನೆಯಲ್ಲೂ ಆತನಿಗೆ ಅರ್ಧ ಕಪ್ಪೇ. ಡಾಕ್ಟರು ಗುಳಿಗೆ ಕೊಟ್ಟರು. ಇದು ಹೋಗುವ ಬೇನೆಯಲ್ಲ, ಇದರ ಜೊತೆ ಬಾಳುವುದು ಕಲಿಯಬೇಕು ಅಂದರು. ಆತ ಕಲಿತ. ಆದರೆ ಲಾಳಿಗಳು ಕಲಿಯಲಿಲ್ಲ. ಆತ ಮಾಡಿದ ಹೊಸ ಲಾಳಿ ನೂಲಿನ ನಡುವೆ ನಡುಗುತ್ತ ಓಡಿ ಎಳೆಗಳನ್ನು ಕಡಿಯತೊಡಗಿತು. ನೇಕಾರರು ಒಳ್ಳೆಯವರು, ಯಾರೂ ಮುಖಕ್ಕೆ ಹೇಳಲಿಲ್ಲ. ಸದ್ಯಕ್ಕೆ ಬೇಡ ಮೋನಪ್ಪಣ್ಣ ಎನ್ನುತ್ತ ಒಬ್ಬೊಬ್ಬರಾಗಿ ಕೆಳಗಿನೋಣಿಯ ಲೋಕಪ್ಪನ ಕಡೆ ಹೋದರು.

ನೀಲವ್ವ ವೈನಿಯ ಪೆಟ್ಟಿಗೆಯಲ್ಲಿ ಹಳೆಯ ಲಾಳಿಗಳಿದ್ದವು. ಒಂದೊಂದಾಗಿ ಸವೆದು ಕೊನೆಗೆ ಒಂದು ಉಳಿಯಿತು, ಅದರ ಮೂತಿಯ ಹತ್ತಿರ ಸೀಳು. ಲೋಕಪ್ಪನ ಲಾಳಿಯನ್ನೂ ತಂದು ನೋಡಿದಳು. ಲೋಕಪ್ಪ ಅವಸರದ ಮನುಷ್ಯ, ಉಣ್ಣುವಾಗಲೂ ಒಂದು ಕಾಲು ಹೊಸ್ತಿಲಾಚೆ ಇಟ್ಟವನು. ಅವನ ಲಾಳಿ ಅಂಚು ಮುಟ್ಟುವ ಮೊದಲೇ ತಿರುಗಿ, ಮಗ್ಗದಿಂದ ಹಾರಿ, ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಈ ವಯಸ್ಸಿನಲ್ಲಿ ಪರಗಂಡಸಿನ ಅವಸರ ನನಗೆ ಯಾಕೆ ಎಂದು ವೈನಿ ಅದನ್ನು ಅಟ್ಟಕ್ಕೆ ಹಾಕಿದಳು. ಕಾರ್ಖಾನೆಯಲ್ಲಿ ಮಾಡಿದ ಲಾಳಿಯನ್ನೂ ನೋಡಿದ್ದಾಯಿತು. ಅದರಲ್ಲಿ ಯಾರೂ ಇರಲಿಲ್ಲ. ಬೀಗ ಹಾಕಿದ ಮನೆಯ ಮುಂದೆ ನಿಂತು ಮಾತಾಡಿದ ಹಾಗಾಗುತ್ತದೆ ಎಂದು ಅದನ್ನೂ ಮೂಲೆಗಿಟ್ಟಳು. ಸೀಳು ಬಿಟ್ಟ ಆ ಒಂದು ಲಾಳಿ ಮುರಿದ ದಿನ ಈ ಮಗ್ಗ ನಿಲ್ಲುತ್ತದೆ, ಮತ್ತೆ ಏಳುವುದಿಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಮೋನಪ್ಪಣ್ಣನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

ಯಂತ್ರದ ವಿಚಾರ ಬಂದದ್ದು ನನ್ನ ಮೊಬೈಲಿನಿಂದ. ಯಾವುದೋ ದೇಶದಲ್ಲಿ ಯಾರೋ ಒಬ್ಬ ತನ್ನ ಮನೆಯಲ್ಲೇ ಕಟ್ಟಿದ ಸಿಎನ್‌ಸಿ ಯಂತ್ರ ಕಟ್ಟಿಗೆಯ ಸೌಟು ಕೊರೆಯುವ ವಿಡಿಯೋ. ಕಂಪ್ಯೂಟರಿನಲ್ಲಿ ನಕ್ಷೆ ಕೊಟ್ಟರೆ ಸಾಕು, ತಿರುಗುವ ಮೊನೆ ಹಿಂದೆ ಮುಂದೆ, ಅತ್ತ ಇತ್ತ, ಮೇಲೆ ಕೆಳಗೆ ತಾನೇ ಹೋಗಿ ಕಟ್ಟಿಗೆಯನ್ನು ಕೊರೆಯುತ್ತದೆ. ಮೋನಪ್ಪಣ್ಣ ಅದನ್ನು ನಾಲ್ಕು ಸಲ ನೋಡಿದ.

"ಇದಕ್ಕ ಕೈನ ಇಲ್ಲ ನೋಡು, ಕಾಶವ್ವಾ" ಅಂದ.

ಯಂತ್ರಕ್ಕೆ ಕೈ ಇಲ್ಲದಿದ್ದರೇನು, ಅದನ್ನು ಮಾಡುವವನಿಗೆ ಇದೆಯಲ್ಲ ಎಂದು ನಾನು ಎಂದಿನ ಹಾಗೆ ಬಾಯಿ ಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಆತ ಮರುದಿನ ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತ.

"ಕೈ ನಡುಗತೈತಿ ಖರೆ. ತಲಿ ನಡುಗೂದಿಲ್ಲಲ್ಲ. ಮಾಡೂಣು."

ನಾಲ್ಕು ತಿಂಗಳು ಹಿಡಿಯಿತು. ಚೌಕಟ್ಟಿಗೆ ಮುರಿದ ಮಗ್ಗವೊಂದರ ಸಾಗವಾನಿ ತೊಲೆ ತಂದ. ಜಾರುವ ಸಲಾಕೆಗಳನ್ನು ಕೆಟ್ಟ ಝೆರಾಕ್ಸ್ ಯಂತ್ರಗಳಿಂದ ಬಿಚ್ಚಿದೆವು. ತೂತು ಕೊರೆಯುವಾಗ ಕೈ ಅಲುಗಬಾರದೆಂದು ಮಣಿಕಟ್ಟನ್ನು ವೈನಿಯ ಹಳೆಯ ಸೀರೆಯ ಅಂಚಿನಿಂದ ಬೆಂಚಿಗೆ ಕಟ್ಟಿಕೊಂಡು ಕೂರುತ್ತಿದ್ದ. ಒಂದು ತೂತಿಗೆ ಒಂದು ಮುಂಜಾನೆ. ತಪ್ಪಿದರೆ ಬೆಣೆ ಹೊಡೆದು ಮುಚ್ಚಿ ಮರುದಿನ ಮತ್ತೆ ಅದೇ ತೂತು. ವಿಚಿತ್ರವೆಂದರೆ ಇದನ್ನು ಮಾಡುವಾಗ ಆತನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಲಾಳಿ ಮಾಡುವಾಗ ಪ್ರತಿ ಸಲ ಇದೂ ನಡುಗಿದರೆ ಏನು ಗತಿ ಎಂದು ಅಂಜುತ್ತ ಉಳಿ ಹಿಡಿಯುತ್ತಿದ್ದ. ಇಲ್ಲಿ ಹಾಗಿರಲಿಲ್ಲ, ಹಾಡು ಗುನುಗುತ್ತಿದ್ದ. ವೈನಿ ಯಂತ್ರಕ್ಕೆ ನನ್ನ ಸವತಿ ಎಂದು ಹೆಸರಿಟ್ಟಳು. ನಿಮ್ಮ ಸವತಿಗೆ ಒಂದಿಷ್ಟು ಎಣ್ಣೆ ಕೊಡಿ ಎಂದು ನಾನು ಕೇಳಿದರೆ, ನನ್ನ ತಲೆಗೇ ಎಣ್ಣೆ ಇಲ್ಲ, ಆಕೆಗೆ ಬೇರೆ ಕೊಡಬೇಕಾ ಎನ್ನುತ್ತ ಬಟ್ಟಲು ತುಂಬ ಕೊಡುತ್ತಿದ್ದಳು.

ಫ್ಲೆಕ್ಸ್ ಅಂಗಡಿಯ ರೇಷ್ಮಾ ತನ್ನ ಹಳೆಯ ಕಂಪ್ಯೂಟರು ಕೊಟ್ಟಳು, ಸೀಳು ಬಿಟ್ಟ ಲಾಳಿಯನ್ನು ಅಳೆದು ಅದರ ನಕ್ಷೆಯನ್ನೂ ಬರೆದುಕೊಟ್ಟಳು. ಮೋಟಾರುಗಳು ಮತ್ತು ಅವನ್ನು ನಡೆಸುವ ಬೋರ್ಡುಗಳು ಬಸ್ಸಿನ ಪಾರ್ಸೆಲಿನಲ್ಲಿ ಬಂದವು. ಅವು ಪಂಪಿನ ಮೋಟಾರಿನಂತೆ ಬಿಟ್ಟೂಬಿಡದೆ ತಿರುಗುವಂಥವಲ್ಲ, ಒಂದೊಂದೇ ಹೆಜ್ಜೆ ಎಣಿಸಿ ತಿರುಗುವಂಥವು. ಒಟ್ಟು ಮೂರು, ಒಂದೊಂದಕ್ಕೂ ನಾಲ್ಕು ತಂತಿ, ಕೆಂಪು ನೀಲಿ ಹಸಿರು ಕಪ್ಪು. ತಂತಿ ಜೋಡಿಸುವುದು ನನ್ನ ಪಾಲಿನ ಕೆಲಸ. ಜೊತೆಯಲ್ಲಿ ಸಣ್ಣ ಅಕ್ಷರದ ಚೀಟಿಯೊಂದು ಬಂದಿತ್ತು. ಮೂವತ್ತೈದು ವರ್ಷ ಮೋಟಾರು ಸುತ್ತಿದವಳಿಗೆ ಚೀಟಿ ಬೇರೆ ಬೇಕಾ ಎಂದು ಅದರಲ್ಲಿ ಎಲೆ ಅಡಿಕೆ ಕಟ್ಟಿಟ್ಟುಕೊಂಡೆ. ನನ್ನ ಕಸುಬಿನಲ್ಲಿ ಕಪ್ಪು ಎಂದರೆ ವಾಪಸ್ ಬರುವ ತಂತಿ, ಹಸಿರು ಎಂದರೆ ನೆಲಕ್ಕೆ ಹೋಗುವ ತಂತಿ. ಹಾಗಾಗಿ ಕೆಂಪಿಗೆ ಕಪ್ಪು ಜೋಡಿ, ನೀಲಿಗೆ ಹಸಿರು ಜೋಡಿ ಎಂದು ಕಣ್ಣು ಮುಚ್ಚಿ ಕಟ್ಟಿದೆ. ಬೆಸುಗೆ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಪೆನ್ಸಿಲಿನಿಂದ ಗೆರೆ ಎಳೆದಷ್ಟು ಅಂದವಾಗಿ ಬೋರ್ಡಿಗೆ ಇಳಿಸಿದೆ. ನೋಡಿದವರೆಲ್ಲ ಹೊಗಳಿದರು. ನಾನೂ ಒಂದಿಷ್ಟು ಹೊಗಳಿಕೊಂಡೆ.

ಸೋಮವಾರ ಮುಂಜಾನೆ ಪರೀಕ್ಷೆ. ಓಣಿಯ ಮಂದಿ ಬಾಗಿಲ ತನಕ ತುಂಬಿದ್ದರು, ನೇಕಾರರೂ ಬಂದಿದ್ದರು. ವೈನಿ ಮಗ್ಗ ಬಿಟ್ಟು ಬಂದು ಗೋಡೆಗೆ ಒರಗಿ ನಿಂತಳು. ಮೋನಪ್ಪಣ್ಣ ಹೊಸ ಧೋತರ ಉಟ್ಟಿದ್ದ. ನಾನು ಸ್ವಿಚ್ ಹಾಕಿದೆ, ರೇಷ್ಮಾ ಕಂಪ್ಯೂಟರಿನಲ್ಲಿ ಹತ್ತು ಸೆಂಟಿಮೀಟರು ಮುಂದೆ ಹೋಗು ಎಂದು ಒತ್ತಿದಳು.

ಯಂತ್ರ ಮುಂದೆ ಹೋಗಲಿಲ್ಲ. ಇದ್ದಲ್ಲೇ ನಿಂತು ನಡುಗಿತು. ಇನ್ನೊಂದು ಮೋಟಾರು ನೋಡಿದರೆ ಅದೂ ನಡುಗಿತು, ಮೂರನೆಯದೂ ಹಾಗೆಯೇ. ಸಣ್ಣಗೆ, ಬಿಡದೆ, ಗಿಲಗಿಲ ಸದ್ದು ಮಾಡುತ್ತ ನಡುಗಿತು. ಆ ಸದ್ದನ್ನು ನಾವೆಲ್ಲ ಎರಡು ವರ್ಷದಿಂದ ಚಹಾದ ಬಸಿಯಲ್ಲಿ ಕೇಳಿದ್ದೆವು.

"ಅಣ್ಣನ ಕೈ ಇದಕ್ಕ ಬಂದೈತಿ" ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಮರುಕದಿಂದಲೇ ಅಂದದ್ದು.

ಮೋನಪ್ಪಣ್ಣ ನನ್ನ ಕಡೆ ನೋಡಿದ. ತಂತಿಯಲ್ಲಿ ಏನಾದರೂ ಇರಬಹುದೇ ಎಂದು ಕೇಳಿದ. ನಾನು ಬಗ್ಗಿ ನೋಡಿದ ಹಾಗೆ ಮಾಡಿ, ತಂತಿ ಎಲ್ಲ ಸರಿ ಇದೆ ಅಣ್ಣಾ ಅಂದೆ. ಬೇರೆ ಊರಾಗಿದ್ದರೆ ಬೋರ್ಡು ಬಿಚ್ಚುತ್ತಿದ್ದರು, ಮೀಟರು ಹಿಡಿಯುತ್ತಿದ್ದರು. ನಮ್ಮೂರಲ್ಲಿ ನಡುಗುವ ಕೈಯವನು ಮಾಡಿದ ವಸ್ತು ನಡುಗಿದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ನನ್ನ ಕೈಯಂತೂ ಹುಟ್ಟಿದಂದಿನಿಂದ ನಡುಗಿದ್ದಿಲ್ಲ, ಮತ್ತೆ ತಪ್ಪು ನನ್ನದು ಹೇಗಾದೀತು? ಆತ ಒಂದು ಉಸಿರು ತಡೆದ. ಬಲಗೈಯನ್ನು ಬೆನ್ನ ಹಿಂದೆ ಒಯ್ದ. ಎಡಗೈಯಿಂದಲೇ ವೈನಿಯ ಕೌದಿ ತಂದು ಯಂತ್ರಕ್ಕೆ ಹೊದಿಸಿ, ಎಲ್ಲರಿಗೂ ಕೈಮುಗಿಯಲೂ ಆಗದೆ ತಲೆಬಾಗಿಸಿ ಒಳಗೆ ಹೋದ.

ಆಮೇಲಿನ ದಿನಗಳಲ್ಲಿ ನಾನು ಆತನ ಬಲಗೈಯನ್ನು ನೋಡಲೇ ಇಲ್ಲ. ಒಂದೋ ಬೆನ್ನ ಹಿಂದೆ, ಇಲ್ಲವೆ ಟವೆಲ್ಲಿನ ಕೆಳಗೆ. ನನ್ನ ಅಂಗಡಿಗೆ ಅರ್ಧ ಕಪ್ಪು ಚಹಾಕ್ಕೂ ಬರುವುದು ನಿಂತಿತು. ಗೋಡೆಯಾಚೆ ವೈನಿಯ ಮಗ್ಗದ ಸದ್ದು ದಿನದಿನಕ್ಕೆ ಬಿಟ್ಟುಬಿಟ್ಟು ಬರುತ್ತಿತ್ತು. ಲಾಳಿಯ ಸೀಳಿಗೆ ಆಕೆ ನೂಲು ಸುತ್ತಿ ಸುತ್ತಿ ಓಡಿಸುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಂಕಟದಲ್ಲಿ ನನ್ನ ಪಾಲು ಏನೂ ಇಲ್ಲ ಎಂಬ ಸಮಾಧಾನವೂ ಇತ್ತು.

ಹತ್ತನೆಯ ದಿನ, ಗುರುವಾರ, ಆತ ಒಂದು ಮೋಟಾರನ್ನು ಬಿಚ್ಚಿ ತಂದು ನನ್ನ ಮೇಜಿನ ಮೇಲಿಟ್ಟ. ನಿನ್ನ ಕೆಲಸಕ್ಕೆ ಬಂದರೆ ಇಟ್ಟುಕೋ ಎಂದು ಹೇಳಿ ಹೊರಟುಹೋದ. ಮಧ್ಯಾಹ್ನ ಕರೆಂಟು ಹೋಗಿತ್ತು, ಬೀಸಣಿಗೆ ಬೀಸಿಕೊಳ್ಳುತ್ತ ಕೂತವಳು ಸುಮ್ಮನೆ ಆ ಮೋಟಾರಿನ ಅಚ್ಚನ್ನು ಬೆರಳಿನಿಂದ ತಿರುಗಿಸುತ್ತಿದ್ದೆ. ಸಲೀಸಾಗಿ ತಿರುಗುತ್ತಿದ್ದದ್ದು ಒಮ್ಮೆಲೆ ಬಿಗಿಯಾಯಿತು. ನೋಡಿದರೆ ಜೋತಾಡುತ್ತಿದ್ದ ತಂತಿಗಳಲ್ಲಿ ಕೆಂಪಿನ ತುದಿ ನೀಲಿಯ ತುದಿಗೆ ತಾಗಿತ್ತು. ಬಿಡಿಸಿದೆ, ಸಡಿಲವಾಯಿತು. ಕೆಂಪಿಗೆ ಕಪ್ಪು ತಾಗಿಸಿದೆ, ಸಡಿಲವಾಗಿಯೇ ಉಳಿಯಿತು. ಮತ್ತೆ ಕೆಂಪಿಗೆ ನೀಲಿ ತಾಗಿಸಿದೆ. ಬಿಗಿ.

ಒಂದೇ ಸುರುಳಿಯ ಎರಡು ತುದಿಗಳನ್ನು ಜೋಡಿಸಿದರೆ ಅಚ್ಚು ತಡೆಯುತ್ತದೆ. ಇದನ್ನು ನನಗೆ ಅಪ್ಪ ಹೇಳಿಕೊಟ್ಟದ್ದು ಹದಿನಾರನೆಯ ವಯಸ್ಸಿಗೆ. ಕೆಂಪಿನ ಜೋಡಿ ನೀಲಿ, ಕಪ್ಪಿನ ಜೋಡಿ ಹಸಿರು. ನಾನು ಗಂಡ ಹೆಂಡಿರನ್ನು ಅಗಲಿಸಿ ಬೇರೆಯವರ ಜೊತೆ ಕಟ್ಟಿಹಾಕಿದ್ದೆ, ಅದೂ ಮೂರೂ ಮೋಟಾರಿನಲ್ಲಿ. ಅವು ಪಾಪ ಹೆಜ್ಜೆ ಇಡಲಾಗದೆ ನಿಂತಲ್ಲೇ ನಡುಗಿದ್ದವು. ಮೋನಪ್ಪಣ್ಣನ ಕೈಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ. ಎಲೆ ಅಡಿಕೆಯ ಪೊಟ್ಟಣ ಬಿಚ್ಚಿ ಚೀಟಿ ನೋಡಿದೆ. ಸುಣ್ಣದ ಕಲೆಯ ಕೆಳಗೆ ಅದನ್ನೇ ಬರೆದಿತ್ತು.

ಆಗಲೇ ಎದ್ದು ಪಕ್ಕದ ಮನೆಗೆ ಹೋಗಿ ಹೇಳಿಬಿಡಬೇಕಿತ್ತು. ಹತ್ತು ಹೆಜ್ಜೆಯ ದಾರಿ. ನಾನು ಹೋಗಲಿಲ್ಲ. ಓಣಿಯ ಮಂದಿಯ ಎದುರು ಬಗ್ಗಿ ನೋಡಿ ಎಲ್ಲ ಸರಿ ಇದೆ ಅಂದವಳು ನಾನು. ಈಗ ಯಾವ ಬಾಯಿಂದ ಹೇಳಲಿ? ರಿಪೇರಿಯಾದರೆ ಸಾಕಲ್ಲ, ಯಾರ ತಪ್ಪು ಎಂಬುದು ಯಾರಿಗೆ ಬೇಕು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಮರುದಿನ ಶುಕ್ರವಾರ ಸಂತೆ. ಮೋನಪ್ಪಣ್ಣ ಚೀಲ ಹಿಡಿದು ಹೊರಟದ್ದನ್ನು ನೋಡಿಕೊಂಡು ಆತ ಕೊಟ್ಟ ಮೋಟಾರನ್ನೂ ಹಿಡಿದು ಅವರ ಮನೆಗೆ ಹೋಗಿ, ಕೌದಿ ಸರಿಸಿ, ಅದನ್ನು ಮತ್ತೆ ಕೂಡಿಸಿ, ಅರ್ಧ ತಾಸಿನಲ್ಲಿ ಮೂರೂ ಮೋಟಾರಿನ ತಂತಿ ಬದಲಿಸಿದೆ. ಒಳಗಿನಿಂದ ವೈನಿ ಯಾರದು ಅಂದಳು. ನಾನೇ, ನನ್ನ ಪಕ್ಕಡ ಇಲ್ಲೇ ಮರೆತಿದ್ದೆ ಎಂದೆ. ಮಗ್ಗ ಸ್ವಲ್ಪ ಹೊತ್ತು ನಿಂತು ಮತ್ತೆ ನಡೆಯಿತು.

ಸಾಯಂಕಾಲ ಆತನನ್ನು ಕರೆದು, ಹೊಸ ಮೋಟಾರು ನಾಲ್ಕು ದಿನ ಸುಮ್ಮನೆ ಬಿಟ್ಟರೆ ಹದಕ್ಕೆ ಬರುತ್ತವೆ, ಇನ್ನೊಂದು ಸಲ ನೋಡೋಣ ಎಂದೆ. ಬೇರೆ ಯಾರೇ ಆಗಿದ್ದರೂ ನಕ್ಕುಬಿಡುತ್ತಿದ್ದರು. ಆತ ನಂಬಿದ. ನಾನು ಹೇಳಿದೆ ಎಂಬ ಕಾರಣಕ್ಕೆ ನಂಬಿದ. ಸ್ವಿಚ್ ಹಾಕಿದ ಕೂಡಲೇ ಯಂತ್ರ ಮೊದಲು ತನ್ನ ಮೂಲೆ ಹುಡುಕಿಕೊಂಡು ಹೋಯಿತು. ಅಲ್ಲಿನ ಸ್ವಿಚ್ಚಿಗೆ ತಾಗಿ, ತುಸು ಹಿಂದೆ ಸರಿದು, ಮತ್ತೊಮ್ಮೆ ಮೆಲ್ಲಗೆ ತಾಗಿತು. ಟಕ್, ಟಕ್. ಮೋನಪ್ಪಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಎಲ್ಲ ಸಿಎನ್‌ಸಿ ಯಂತ್ರಗಳೂ ಶುರುವಾಗುವಾಗ ಹೀಗೆ ಎರಡು ಸಲ ತಾಗುತ್ತವೆ ಎಂದು ರೇಷ್ಮಾ ಆಮೇಲೆ ಹೇಳಿದಳು. ಇರಬಹುದು. ನಾನು ಕೇಳಿದ್ದು ಮಾತ್ರ ಆತನ ಬೆರಳ ಗೆಣ್ಣಿನ ಸದ್ದು.

ಮರುದಿನ ಹುಣಸೆ ಮರದ ಗಟ್ಟಿ ಕಟ್ಟಿಗೆಯ ತುಂಡೊಂದನ್ನು ಬಿಗಿದು ಲಾಳಿ ಕೊರೆದೆವು. ಒಂದು ಮಗ್ಗುಲು ಮುಗಿಸಿ, ತಿರುವಿ ಹಾಕಿ, ಇನ್ನೊಂದು ಮಗ್ಗುಲು. ಯಂತ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮೂರು ತಾಸಿನಲ್ಲಿ ಲಾಳಿ ಹುಟ್ಟಿಬಂತು. ಅದನ್ನು ಉಜ್ಜಿ ನುಣುಪು ಮಾಡುವ ಕೆಲಸವನ್ನು ಆತ ನನಗೆ ಕೊಟ್ಟ, ತನ್ನ ಕೈ ಸೋಂಕಬಾರದಂತೆ. ತುದಿಗೆ ಕಬ್ಬಿಣದ ಮೂತಿ ಕೂಡಿಸಿದವಳೂ ನಾನೇ. ಕೊನೆಗೆ ಅದನ್ನು ಟವೆಲ್ಲಿನಲ್ಲಿ ಇಟ್ಟುಕೊಂಡು, ಎಡಗೈಯಿಂದ ಹಿಡಿದು, ಮಗ್ಗದ ಹತ್ತಿರ ಒಯ್ದ. ಮದುವೆಯಲ್ಲಿ ತಾಳಿಯ ತಟ್ಟೆ ಹಿಡಿದವರು ನಡೆಯುವ ಹಾಗೆ ನಡೆದ. ನನಗೆ ಆ ನಡಿಗೆಯನ್ನು ನೋಡಲಾಗಲಿಲ್ಲ.

ವೈನಿ ಸೀಳಿದ ಲಾಳಿಯನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಹೊಸದಕ್ಕೆ ಉರುಳೆ ಹಾಕಿ, ಹಗ್ಗ ಎಳೆದಳು. ಲಾಳಿ ನಡುಗಲಿಲ್ಲ, ನೆಟ್ಟಗೆ ಓಡಿತು. ಓಡಿ, ಸೀರೆಯ ನಟ್ಟನಡುವೆ ನಿಂತುಬಿಟ್ಟಿತು. ಆಕೆ ಅದನ್ನು ತೆಗೆದು ಮತ್ತೆ ಈ ತುದಿಗಿಟ್ಟು ಎಳೆದಳು. ಮತ್ತೆ ನಡುವೆ. ಜೋರಾಗಿ ಎಳೆದಾಗಲೂ ಅಷ್ಟೇ. ಮುಂದೆ ಒಂದು ಬೆರಳು ಸರಿಯುವುದು, ಹಿಂದೆ ಒಂದು ಬೆರಳು ಸರಿಯುವುದು, ಸುಮ್ಮನಾಗುವುದು. ಮೋನಪ್ಪಣ್ಣ ಬಾಗಿಲ ತನಕ ಹಿಂದೆ ಸರಿದ. ಇದೂ ನನ್ನದೇ ಪಾಪ ಎಂದು ಬಾಯಲ್ಲೇ ಅಂದುಕೊಂಡದ್ದು ನನಗೆ ಕೇಳಿಸಿತು.

ವೈನಿ ಲಾಳಿಯನ್ನು ಎತ್ತಿ ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಇದು ನನ್ನ ಗಂಡನ ಗುಣ ಅಲ್ಲ. ಆತಗ ಹೇಳೂದಿದ್ರ ಹೇಳಿಬಿಡ್ತಾನ, ಇಲ್ಲಂದ್ರ ಸುಮ್ಮನಿರ್ತಾನ. ಇದು ಬಾಯಿ ತನಕ ಬಂದದ್ದನ್ನ ನುಂಗಾಕ ಹತ್ತೈತಿ. ತಂತಿ ಜೋಡಿಸಿದಾಕಿ ನೀನ ಅಲ್ಲೇನ, ಕಾಶವ್ವಾ?"

ಹಾಳಾದ ಊರಿದು, ಇಲ್ಲಿ ಒಂದು ಸುಳ್ಳನ್ನೂ ನೆಮ್ಮದಿಯಾಗಿ ಬಚ್ಚಿಡುವ ಹಾಗಿಲ್ಲ. ಓಡಿಹೋಗೋಣ ಎಂದರೆ ಮೋನಪ್ಪಣ್ಣ ಬಾಗಿಲಲ್ಲೇ ನಿಂತಿದ್ದ, ಬಲಗೈ ಬೆನ್ನ ಹಿಂದೆ. ಆ ಕೈಯನ್ನು ಅಲ್ಲಿ ಕಟ್ಟಿಹಾಕಿದವಳು ನಾನು ಎಂಬುದು ಆಗ ನನಗೆ ನಿಜವಾಗಿ ನಾಟಿತು.

"ತಪ್ಪು ನನ್ನದಣ್ಣಾ" ಎಂದೆ. "ನಿನ್ನ ಕೈದಲ್ಲ. ಕೆಂಪಿಗೆ ನೀಲಿ ಕಟ್ಟೂದಿತ್ತು, ನಾ ಕರೀ ತಂತಿ ಕಟ್ಟಿದ್ದೆ. ಅದಕ್ಕ ನಡುಗಿತು. ಮೊನ್ನೆ ಗೊತ್ತಾತು. ಗೊತ್ತಾದ ಮ್ಯಾಲೂ ಹೇಳಲಿಲ್ಲ."

ಆತ ಒಂದು ಉಸಿರು ತಡೆದ. ನಾನು ಕೇಳಿದ ಉಸಿರುಗಳಲ್ಲೆಲ್ಲ ಅದೇ ಉದ್ದದ್ದು. ಬೈಯುತ್ತಾನೆ ಅಂದುಕೊಂಡೆ, ಬೈಯಲಿ ಅಂದುಕೊಂಡೆ. ಆತ ಬೈಯಲಿಲ್ಲ. ಮೆಲ್ಲಗೆ ಬಲಗೈಯನ್ನು ಬೆನ್ನ ಹಿಂದಿನಿಂದ ಮುಂದೆ ತಂದ. ಹನ್ನೊಂದು ದಿನ ನಾನು ನೋಡದಿದ್ದ ಕೈ. ಇನ್ನಷ್ಟು ಬಡವಾಗಿತ್ತು, ನಡುಗುತ್ತಲೇ ಇತ್ತು.

"ಹನ್ನೊಂದು ದಿನ ಈ ಕೈಗೆ ಬೈದೀನಿ, ತಂಗಿ. ಊಟಕ್ಕ ಕುಂತಾಗೂ ಬೈದೀನಿ. ನನಗ ಹೇಳಬ್ಯಾಡ. ಇದಕ್ಕ ಹೇಳು."

ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ. ನಲವತ್ತು ವರ್ಷ ಊರಿಗೆಲ್ಲ ಲಾಳಿ ಮಾಡಿಕೊಟ್ಟ ಕೈ, ಒಂದು ತೂತಿಗೆ ಒಂದು ಮುಂಜಾನೆ ಕೊಟ್ಟು ಯಂತ್ರ ಕಟ್ಟಿದ ಕೈ. ತಪ್ಪಾತು ಎಂದೆ. ಒಮ್ಮೆ ಅಂದದ್ದು ಸಾಲದೆಂದು ಇನ್ನೊಮ್ಮೆ ಅಂದೆ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ನನ್ನ ಕೈಗಳೂ ಆತನ ಕೈಯ ಜೊತೆಗೇ ನಡುಗುತ್ತಿದ್ದವು, ಯಾರದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

ಹಿಂದಿನಿಂದ ಹಗ್ಗ ಎಳೆದ ಸದ್ದಾಯಿತು. ನಾವಿಬ್ಬರೂ ತಿರುಗಿದೆವು. ಲಾಳಿ ನಡುಭಾಗ ದಾಟಿತು. ದಾಟಿ, ನೆಟ್ಟಗೆ ಆ ಅಂಚಿಗೆ ಹೋಗಿ ಮುಟ್ಟಿ, ಅಲ್ಲಿ ಒಂದು ಉಸಿರು ನಿಂತಿತು. ವೈನಿಯ ಕೈಯೂ ನಿಂತಿತು. ಆಮೇಲೆ ಅದು ತಿರುಗಿ ಈ ಕಡೆ ಬಂತು. ಆಕೆ ನಾಲ್ಕು ಬೆರಳಷ್ಟು ನೇಯ್ದಳು. ಆಕೆಯ ಬೆನ್ನು ನಮ್ಮ ಕಡೆಗಿತ್ತು, ಮುಖ ಕಾಣುತ್ತಿರಲಿಲ್ಲ. ಎರಡು ಸಲ ಸೆರಗಿನಿಂದ ಮೂಗು ಒರೆಸಿಕೊಂಡದ್ದು ಮಾತ್ರ ಕಂಡಿತು.

"ಕಾಶವ್ವಾ, ಚಾ ಇಡು ಹೋಗು. ಮೂರು ಮಂದಿಗೆ" ಎಂದಳು, ತಿರುಗಿ ನೋಡದೆ.

ನಾನು ಅಡುಗೆಮನೆಗೆ ಹೋಗಿ ಚಹಾ ಇಟ್ಟೆ. ಅವರ ಮನೆಯ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವ ಅಗತ್ಯ ನನಗೆ ಯಾವತ್ತೂ ಬಿದ್ದಿಲ್ಲ. ಮೂರು ಕಪ್ಪು ತಂದು, ಅಭ್ಯಾಸಬಲದಿಂದ ಮೋನಪ್ಪಣ್ಣನ ಕಪ್ಪಿಗೆ ಅರ್ಧ ಹಾಕಿ ನಿಲ್ಲಿಸಿದೆ. ಆತ ಕಪ್ಪನ್ನು ನೋಡಿದ. ನನ್ನನ್ನು ನೋಡಿದ.

"ಪೂರಾ ಹಾಕು" ಅಂದ.

ಅಂಚಿನ ತನಕ ತುಂಬಿದೆ. ಆತ ಬಲಗೈಯಿಂದ ಎತ್ತಿದ. ಕಪ್ಪೂ ಬಸಿಯೂ ಗಿಲಗಿಲ ಅಂದವು, ಅರ್ಧದಷ್ಟು ಬಸಿಗೆ, ಸ್ವಲ್ಪ ಧೋತರಕ್ಕೆ ಚೆಲ್ಲಿತು. ಒರೆಸಲು ನಮ್ಮಲ್ಲಿ ಯಾರೂ ಏಳಲಿಲ್ಲ. ಆತ ಉಳಿದದ್ದನ್ನು ಕುಡಿದು, ಬಸಿಯಲ್ಲಿದ್ದದ್ದನ್ನೂ ಕುಡಿದು, ಚಹಾ ಚೆನ್ನಾಗಿದೆ ಎಂದ.